ಅಪ್ಪನ ಪಿಎಸ್‌ಎ 0.05ರಿಂದ 0.8ಕ್ಕೆ ಏರಿದೆ: ಕಾಯಿಲೆ ಮರಳಿದೆ ಎಂದೇ ಅರ್ಥವೇ?

ಪ್ರಶ್ನೆ: ನಮ್ಮ ತಂದೆಗೆ 70 ವರ್ಷ. ಎರಡು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಆಗ ಪಿಎಸ್‌ಎ 18, ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಸೂಚಿಸುವ ಅಂಕ) 4+3. ಮೂಳೆಗೆ ಹರಡಿರಲಿಲ್ಲ. ಬೆಂಗಳೂರಿನಲ್ಲಿ 20 ಸಲ ರೇಡಿಯೇಷನ್ ಕೊಟ್ಟರು, ಮೂರು ತಿಂಗಳಿಗೊಂದರಂತೆ ಎರಡು ಹಾರ್ಮೋನ್ ಇಂಜೆಕ್ಷನ್ ಹಾಕಿದರು. ಚಿಕಿತ್ಸೆ ಮುಗಿದಾಗ ಪಿಎಸ್‌ಎ 0.05 ಇತ್ತು. ಆಮೇಲೆ 0.3 ಆಯಿತು. ಅದಾಗಿ ನಾಲ್ಕು ತಿಂಗಳಿಗೆ ಊರಿನ ಬೇರೆ ಲ್ಯಾಬಿನಲ್ಲಿ ಮಾಡಿಸಿದಾಗ 0.8 ಬಂದಿದೆ. ಡಾಕ್ಟರು ‘ಪರವಾಗಿಲ್ಲ, ಆರು ತಿಂಗಳು ಬಿಟ್ಟು ಬನ್ನಿ’ ಎನ್ನುತ್ತಾರೆ. ಆದರೆ ನಮ್ಮ ಅಕ್ಕನ ಮಾವನವರಿಗೆ ಇದೇ ಕಾಯಿಲೆಗೆ ಆಪರೇಷನ್ ಆಗಿತ್ತು. ಅವರಿಗೆ 0.3 ಬಂದದ್ದೇ ತಡ, ಕಾಯಿಲೆ ಮರಳಿದೆ ಎಂದು ರೇಡಿಯೇಷನ್ ಶುರು ಮಾಡಿದರು. ನಾವು ಸುಮ್ಮನೆ ಕೂತು ತಪ್ಪು ಮಾಡುತ್ತಿದ್ದೇವೆಯೇ? ಮತ್ತೆ ಇಂಜೆಕ್ಷನ್ ಹಾಕಿಸಬೇಕೆ? ಪೆಟ್ ಸ್ಕ್ಯಾನ್ ಬೇಕೆ? ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಿದರೆ ಒಳ್ಳೆಯದಲ್ಲವೆ? ರಿಪೋರ್ಟ್ ಬರುವ ವಾರ ಅಪ್ಪ ಸರಿಯಾಗಿ ಊಟ ಮಾಡುವುದಿಲ್ಲ, ನಿದ್ದೆಯೂ ಇಲ್ಲ.
— ಓದುಗರು, ಅರಸೀಕೆರೆ

ಉತ್ತರ: ನಿಮ್ಮ ತಂದೆಯವರ ಡಾಕ್ಟರು ಹೇಳಿದ್ದು ಸರಿ. ಅಕ್ಕನ ಮಾವನವರ ಡಾಕ್ಟರು ಮಾಡಿದ್ದೂ ಸರಿ. ಒಬ್ಬರಿಗೆ 0.3ಕ್ಕೇ ಚಿಕಿತ್ಸೆ, ಇನ್ನೊಬ್ಬರಿಗೆ 0.8 ಇದ್ದರೂ ‘ಮನೆಗೆ ಹೋಗಿ’ ಎಂದರೆ ಯಾರಿಗಾದರೂ ಅಸಡ್ಡೆಯಂತೆಯೇ ಕಾಣುತ್ತದೆ. ಆದರೆ ಚಿಕಿತ್ಸೆಯಾದ ಮೇಲಿನ ಪಿಎಸ್‌ಎ ಅಂಕಿಯನ್ನು ಓದುವ ಮೊದಲು ಮೂರು ವಿಷಯ ಗೊತ್ತಿರಬೇಕು. ಆ ವ್ಯಕ್ತಿಯ ಮೈಯಲ್ಲಿ ಪ್ರಾಸ್ಟೇಟ್ ಗ್ರಂಥಿ ಈಗಲೂ ಇದೆಯೋ ಇಲ್ಲವೋ, ಅವರ ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಈಗ ಎಷ್ಟಿದೆ, ಹಿಂದಿನ ಪರೀಕ್ಷೆಗಳು ಯಾವಾಗ, ಯಾವ ಲ್ಯಾಬಿನಲ್ಲಿ ಆದವು. ಇವು ಗೊತ್ತಿಲ್ಲದೆ ಬರೀ ಅಂಕಿ ನೋಡಿ ಯಾರಾದರೂ ‘ಕಾಯಿಲೆ ವಾಪಸ್ ಬಂದಿದೆ’ ಎಂದರೆ ನಂಬಬೇಡಿ. ‘ಏನೂ ಇಲ್ಲ, ಎಲ್ಲ ನಾರ್ಮಲ್’ ಎಂದರೂ ನಂಬಬೇಡಿ.

ಪಿಎಸ್‌ಎ ವೀರ್ಯವನ್ನು ತೆಳುವಾಗಿಸುವ ಒಂದು ಪ್ರೋಟೀನು. ಅದನ್ನು ಪ್ರಾಸ್ಟೇಟಿನ ಆರೋಗ್ಯವಂತ ಕೋಶಗಳೂ ಮಾಡುತ್ತವೆ, ಕ್ಯಾನ್ಸರ್ ಕೋಶಗಳೂ ಮಾಡುತ್ತವೆ. ಅದರಲ್ಲಿ ತುಸು ರಕ್ತಕ್ಕೆ ಸೋರುತ್ತದೆ, ಲ್ಯಾಬಿನವರು ಅಳೆಯುವುದು ಅದನ್ನೇ. ಗಂಡಸರ ದೇಹದ ಬೇರೆ ಯಾವ ಅಂಗವೂ ಲೆಕ್ಕಕ್ಕೆ ಸಿಗುವಷ್ಟು ಪಿಎಸ್‌ಎ ಮಾಡುವುದಿಲ್ಲ. ಹಾಗಾಗಿ ಗ್ರಂಥಿಯನ್ನು ಪೂರ್ತಿ ತೆಗೆದವರ ರಕ್ತದಲ್ಲಿ ಅದು ಇರಲೇಬಾರದು. ಗ್ರಂಥಿ ಒಳಗೇ ಇರುವವರಲ್ಲಿ ಒಂದಿಷ್ಟು ಇದ್ದೇ ಇರುತ್ತದೆ. ನಿಮ್ಮ ಮನೆಯ ಇಬ್ಬರು ಹಿರಿಯರ ನಡುವಿನ ವ್ಯತ್ಯಾಸ ಶುರುವಾಗುವುದೇ ಇಲ್ಲಿಂದ.

ಮೊದಲು ಅಕ್ಕನ ಮಾವನವರ ಲೆಕ್ಕ ನೋಡೋಣ. ರಕ್ತದಲ್ಲಿರುವ ಪಿಎಸ್‌ಎ ಸುಮಾರು ಎರಡು-ಮೂರು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಆಪರೇಷನ್ ದಿನ 18 ಇತ್ತು ಎಂದುಕೊಂಡರೆ, ಮೂರು ದಿನಕ್ಕೆ 9, ಆರು ದಿನಕ್ಕೆ 4.5, ಹೀಗೆ ಹತ್ತು ಸಲ ಅರ್ಧವಾದಾಗ, ಅಂದರೆ ಒಂದು ತಿಂಗಳಿಗೆ, 0.02ರ ಹತ್ತಿರ ಬಂದಿರಬೇಕು. ಅದಕ್ಕೇ ಆಪರೇಷನ್ ಆದ ಆರರಿಂದ ಎಂಟು ವಾರಕ್ಕೆ ಮೊದಲ ಪಿಎಸ್‌ಎ ಮಾಡಿಸುತ್ತೇವೆ. ಅದಕ್ಕಿಂತ ಮುಂಚೆ ಮಾಡಿಸಿದರೆ ಹಳೆಯ ಪಿಎಸ್‌ಎಯೇ ಕಾಣಿಸಿ ಸುಮ್ಮನೆ ಗಾಬರಿಯಾಗುತ್ತದೆ. ಎಂಟು ವಾರಕ್ಕೂ 0.1ರ ಕೆಳಗೆ ಬರದಿದ್ದರೆ ಎಲ್ಲೋ ಕೋಶಗಳು ಉಳಿದಿವೆ ಎಂದು ಅನುಮಾನಿಸಬೇಕು. ಒಮ್ಮೆ ಕೆಳಗೆ ಹೋದದ್ದು ಮತ್ತೆ 0.2 ಮುಟ್ಟಿ, ಇನ್ನೊಂದು ಪರೀಕ್ಷೆಯಲ್ಲೂ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಕಾಯಿಲೆ ಮರಳಿದ ರಕ್ತದ ಸೂಚನೆ ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಅಳತೆ. ಅವರಿಗೆ 0.3 ಬಂದಾಗಲೇ ರೇಡಿಯೇಷನ್ ಶುರು ಮಾಡಿದ್ದಕ್ಕೆ ಗಟ್ಟಿ ಕಾರಣವಿದೆ. ಗ್ರಂಥಿ ಇದ್ದ ಜಾಗಕ್ಕೆ ಆಮೇಲೆ ಕೊಡುವ ರೇಡಿಯೇಷನ್ ಅತಿ ಚೆನ್ನಾಗಿ ಫಲ ಕೊಡುವುದು ಪಿಎಸ್‌ಎ 0.5 ದಾಟುವ ಮೊದಲು. ಹಿಂದೆ ಆಪರೇಷನ್ ಆದ ಕೂಡಲೇ ಅಪಾಯ ಹೆಚ್ಚಿರುವ ಎಲ್ಲರಿಗೂ ಮುನ್ನೆಚ್ಚರಿಕೆಗೆಂದು ರೇಡಿಯೇಷನ್ ಕೊಡುವ ವಾಡಿಕೆಯಿತ್ತು. 2020ರಲ್ಲಿ ಪ್ರಕಟವಾದ ‘ರ‍್ಯಾಡಿಕಲ್ಸ್’ ಎಂಬ ದೊಡ್ಡ ಅಧ್ಯಯನದ ನಂತರ ಆ ವಾಡಿಕೆ ಬಹಳ ಕಡಿಮೆಯಾಯಿತು. ಪಿಎಸ್‌ಎಯನ್ನು ಬಿಡದೆ ಗಮನಿಸಿ, ಏರಿದವರಿಗೆ ಮಾತ್ರ ಬೇಗ ಕೊಟ್ಟರೆ ಸಾಕು, ಉಳಿದವರು ಮೂತ್ರದ ತೊಂದರೆಗಳಿಂದ ಪಾರಾಗುತ್ತಾರೆ ಎಂದು ಅದು ತೋರಿಸಿತು. ಹಾಗೆ ಕಾಯಲು ಧೈರ್ಯ ಕೊಡುವುದು ಈ ರಕ್ತಪರೀಕ್ಷೆಯೇ.

ಈಗ ನಿಮ್ಮ ತಂದೆಯವರ ವಿಷಯ. ರೇಡಿಯೇಷನ್, ನಮ್ಮ ಕಡೆ ಜನ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರಲ್ಲ, ಅದು ಕೋಶಗಳನ್ನು ಅದೇ ದಿನ ಕೊಲ್ಲುವುದಿಲ್ಲ. ಅವುಗಳ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಪೆಟ್ಟು ತಿಂದ ಕೋಶ ಮುಂದೆ ಇಬ್ಭಾಗವಾಗಲು ಹೋದಾಗ ಸಾಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳು ನಿಧಾನವಾಗಿ ಒಡೆಯುವ ಜಾತಿಯವು, ಆದ್ದರಿಂದ ಸಾಯುವುದೂ ನಿಧಾನ. ಬರೀ ರೇಡಿಯೇಷನ್ ಆದವರಲ್ಲಿ ಪಿಎಸ್‌ಎ ತನ್ನ ತಳಮಟ್ಟ ಮುಟ್ಟಲು ಒಂದೂವರೆ ವರ್ಷದಿಂದ ಮೂರು ವರ್ಷದವರೆಗೂ ಹಿಡಿಯಬಹುದು. ಜೊತೆಗೆ ಗ್ರಂಥಿ ಒಳಗೇ ಇದೆ, ಅದರಲ್ಲಿ ಬದುಕಿ ಉಳಿದ ಆರೋಗ್ಯವಂತ ಕೋಶಗಳೂ ಇವೆ. ಹಾಗಾಗಿ ಆಪರೇಷನ್ ಆದವರ ಹಾಗೆ ಸೊನ್ನೆಗೆ ಬರಲಿ ಎಂದು ಇವರಲ್ಲಿ ನಿರೀಕ್ಷಿಸುವುದೇ ಇಲ್ಲ.

ಹಾಗಿದ್ದರೆ ಚಿಕಿತ್ಸೆ ಮುಗಿದಾಗ 0.05 ಬಂದದ್ದು ಹೇಗೆ ಎಂದು ನೀವು ಕೇಳಬಹುದು. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಆ 0.05 ಪೂರ್ತಿಯಾಗಿ ರೇಡಿಯೇಷನ್ನಿನ ಫಲವಲ್ಲ, ಬಹುಪಾಲು ಹಾರ್ಮೋನ್ ಇಂಜೆಕ್ಷನ್ನಿನ ಫಲ. ಪ್ರಾಸ್ಟೇಟ್ ಕೋಶಗಳು ಪಿಎಸ್‌ಎ ಮಾಡಬೇಕಾದರೆ ಟೆಸ್ಟೋಸ್ಟೆರಾನ್ ಬೇಕು. ವೃಷಣಗಳಲ್ಲಿ ಆಗುವ ಅದರ ಉತ್ಪತ್ತಿಯನ್ನೇ ಇಂಜೆಕ್ಷನ್ ನಿಲ್ಲಿಸುತ್ತದೆ. ನಿಮ್ಮ ಕಡೆಯ ತೆಂಗಿನ ತೋಟಕ್ಕೆ ನೀರು ನಿಂತರೆ ಮರ ಬದುಕಿದ್ದರೂ ಕಾಯಿ ಹಿಡಿಯುವುದಿಲ್ಲ, ನೀರು ಬಂದರೆ ಮತ್ತೆ ಹೊಂಬಾಳೆ ಒಡೆಯುತ್ತದೆ. ಇದೂ ಹಾಗೆಯೇ. ಇಂಜೆಕ್ಷನ್ನಿನ ಪ್ರಭಾವ ಇಳಿದ ಮೇಲೆ ಟೆಸ್ಟೋಸ್ಟೆರಾನ್ ನಿಧಾನವಾಗಿ ಏರುತ್ತದೆ. 70ರ ಆಸುಪಾಸಿನವರಲ್ಲಿ ಇದಕ್ಕೆ ಹಲವು ತಿಂಗಳು, ಕೆಲವರಿಗೆ ವರ್ಷವೇ ಬೇಕಾಗುತ್ತದೆ. ಅದು ಏರಿದಂತೆಲ್ಲ ಗ್ರಂಥಿಯಲ್ಲಿ ಉಳಿದ ಕೋಶಗಳು ಪಿಎಸ್‌ಎ ಮಾಡಲು ತೊಡಗುತ್ತವೆ. ನಿಮ್ಮ ತಂದೆಯವರ 0.05, 0.3, 0.8 ಎಂಬ ಏರಿಕೆ ಈ ಚೇತರಿಕೆಯ ಕಾಲದಲ್ಲಿ ಕಾಣುವ ರೀತಿಗೆ ಸರಿಯಾಗಿ ಹೊಂದುತ್ತದೆ. ಇತ್ತೀಚೆಗೆ ಅವರ ಬೆವರು ಕಡಿಮೆಯಾಗಿದೆಯೇ, ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯಾಗುವುದು ನಿಂತಿದೆಯೇ, ಮೊದಲಿನ ಚಟುವಟಿಕೆ ಬಂದಿದೆಯೇ ಎಂದು ಕೇಳಿ ನೋಡಿ. ಹೌದು ಎಂದರೆ ಟೆಸ್ಟೋಸ್ಟೆರಾನ್ ವಾಪಸಾಗುತ್ತಿದೆ. ಖಚಿತಪಡಿಸಿಕೊಳ್ಳಲು ಮುಂದಿನ ಸಲ ಪಿಎಸ್‌ಎ ಜೊತೆಗೆ ‘ಟೋಟಲ್ ಟೆಸ್ಟೋಸ್ಟೆರಾನ್’ ಪರೀಕ್ಷೆಯನ್ನೂ ಬೆಳಿಗ್ಗೆ ಹತ್ತರೊಳಗೆ ಮಾಡಿಸಿ. ಒಂದೇ ಸೂಜಿ, ಒಂದೇ ಸಲದ ರಕ್ತ. ನಿಮ್ಮ ಪತ್ರದಲ್ಲಿ ಆ ಅಂಕಿ ಇಲ್ಲ. ಮೂರು ಪಿಎಸ್‌ಎ ರಿಪೋರ್ಟುಗಳಿಗಿಂತ ಅದೊಂದು ಅಂಕಿ ನಿಮ್ಮ ಮನೆಯ ಚಿಂತೆಯನ್ನು ಹೆಚ್ಚು ಇಳಿಸಬಲ್ಲದು.

ಇಂಜೆಕ್ಷನ್ ಹಾಕದೆ ಬರೀ ರೇಡಿಯೇಷನ್ ಕೊಟ್ಟವರಲ್ಲೂ ಕೆಲವೊಮ್ಮೆ ಪಿಎಸ್‌ಎ ಒಮ್ಮೆ ಏರಿ ತಾನಾಗಿಯೇ ಇಳಿಯುತ್ತದೆ. ಇದನ್ನು ‘ಪಿಎಸ್‌ಎ ಬೌನ್ಸ್’ ಎನ್ನುತ್ತಾರೆ. ಸಾಮಾನ್ಯವಾಗಿ ಚಿಕಿತ್ಸೆಯಾಗಿ ಒಂದರಿಂದ ಮೂರು ವರ್ಷದ ನಡುವೆ ಬರುತ್ತದೆ, ಗ್ರಂಥಿಯೊಳಗೇ ವಿಕಿರಣ ಬೀಜಗಳನ್ನಿಡುವ ಬ್ರಾಕಿಥೆರಪಿ ಆದವರಲ್ಲಿ ಮತ್ತು ವಯಸ್ಸಿನಲ್ಲಿ ಕಿರಿಯರಾದವರಲ್ಲಿ ಹೆಚ್ಚು. ಈ ಏರಿಳಿತಗಳು ಇರುವುದರಿಂದಲೇ ರೇಡಿಯೇಷನ್ ಆದವರಿಗೆ ಬೇರೆಯದೇ ಗೆರೆ ಹಾಕಿದ್ದಾರೆ. 1990ರ ದಶಕದಲ್ಲಿ ‘ಮೂರು ಸಲ ಸತತ ಏರಿದರೆ ಮರಳಿದೆ’ ಎಂಬ ನಿಯಮವಿತ್ತು. ಅದು ಸುಮ್ಮಸುಮ್ಮನೆ ಎಷ್ಟೋ ಜನರಿಗೆ ಕಾಯಿಲೆಯ ಪಟ್ಟ ಕಟ್ಟಿತು. 2005ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ತಜ್ಞರು ಸೇರಿ, ಪಿಎಸ್‌ಎ ತಾನು ಮುಟ್ಟಿದ ಅತಿ ಕಡಿಮೆ ಮಟ್ಟಕ್ಕಿಂತ 2 ನ್ಯಾನೊಗ್ರಾಂ/ಮಿಲಿಲೀಟರ್ ಮೇಲೇರಿದರೆ ಮಾತ್ರ ಮರಳಿದೆ ಎನ್ನೋಣ ಎಂದು ತೀರ್ಮಾನಿಸಿದರು. ಇವತ್ತಿಗೂ ಆ ಗೆರೆಯನ್ನೇ ಬಳಸುತ್ತೇವೆ. ನಿಮ್ಮ ತಂದೆಯವರಿಗೆ ಅದು 0.05ಕ್ಕೆ 2 ಸೇರಿಸಿದರೆ ಬರುವ 2.05. ಅವರ 0.8 ಅದರ ಅರ್ಧಕ್ಕೂ ಬಂದಿಲ್ಲ.

ಗೆರೆ ದಾಟುವವರೆಗೆ ಕಣ್ಣುಮುಚ್ಚಿ ಕೂರಬೇಕು ಎಂದು ನಾನು ಹೇಳುತ್ತಿಲ್ಲ. ಟೆಸ್ಟೋಸ್ಟೆರಾನ್ ಪೂರ್ತಿ ಚೇತರಿಸಿ ಒಂದೇ ಮಟ್ಟದಲ್ಲಿ ನಿಂತ ಮೇಲೂ ಪಿಎಸ್‌ಎ ಪ್ರತಿ ಸಲ ಏರುತ್ತಲೇ ಹೋದರೆ, 2.05 ಮುಟ್ಟುವ ಮೊದಲೇ ನಿಮ್ಮ ಡಾಕ್ಟರು ಮುಂದಿನ ಯೋಚನೆ ಶುರು ಮಾಡುತ್ತಾರೆ, ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಪಿಎಸ್‌ಎ ಎರಡರಷ್ಟಾಗಲು ಎಷ್ಟು ಕಾಲ ಬೇಕಾಗುತ್ತದೆ ಎಂದು ಲೆಕ್ಕ ಹಾಕಿಕೊಡುವ ಪುಟಗಳು ಮೊಬೈಲಿನಲ್ಲೇ ಸಿಗುತ್ತವೆ. 0.3ರಿಂದ 0.8, ನಾಲ್ಕು ತಿಂಗಳು ಎಂದು ನೀವು ಅದಕ್ಕೆ ಕೊಟ್ಟರೆ ‘ಮೂರು ತಿಂಗಳಿಗಿಂತ ಕಡಿಮೆ’ ಎಂಬ ಉತ್ತರ ಬರುತ್ತದೆ. ಮೂರು ತಿಂಗಳು ಎಂದರೆ ಅತ್ಯಂತ ವೇಗದ ಕಾಯಿಲೆ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಆ ಲೆಕ್ಕ ನಿಮ್ಮ ತಂದೆಯವರಿಗೆ ಅನ್ವಯಿಸುವುದಿಲ್ಲ. ಟೆಸ್ಟೋಸ್ಟೆರಾನ್ ಏರುತ್ತಿರುವಾಗ ಅದರ ಹಿಂದೆ ಪಿಎಸ್‌ಎ ಏರುವ ವೇಗಕ್ಕೂ ಕ್ಯಾನ್ಸರ್ ಬೆಳೆಯುವ ವೇಗಕ್ಕೂ ಸಂಬಂಧವಿಲ್ಲ. ಎರಡೇ ಅಂಕಿ, ಅದೂ ಎರಡು ಬೇರೆ ಲ್ಯಾಬಿನವು, ಆ ಲೆಕ್ಕಕ್ಕೆ ಸಾಲುವುದೂ ಇಲ್ಲ. ಹಾಗೆಂದು ಆ ಅಳತೆ ನಿಷ್ಪ್ರಯೋಜಕವಲ್ಲ. ಆಪರೇಷನ್ ಆಗಿ, ಹಾರ್ಮೋನ್ ತೆಗೆದುಕೊಳ್ಳದೆ, ಒಂದೇ ಲ್ಯಾಬಿನ ಕನಿಷ್ಠ ಮೂರು ಅಂಕಿ ಕೈಯಲ್ಲಿರುವವರಿಗೆ ಅದಕ್ಕಿಂತ ಉಪಯುಕ್ತವಾದ ಲೆಕ್ಕ ಕಡಿಮೆ. ಎರಡರಷ್ಟಾಗಲು ಒಂದು ವರ್ಷಕ್ಕಿಂತ ಹೆಚ್ಚು ಬೇಕಾದರೆ ಕಾಯಿಲೆ ಸಾಮಾನ್ಯವಾಗಿ ಬಹಳ ನಿಧಾನದ್ದು. ಒಂಬತ್ತು-ಹತ್ತು ತಿಂಗಳಿಗಿಂತ ಕಡಿಮೆಯಾದರೆ ಹೆಚ್ಚು ಎಚ್ಚರದಿಂದಿರಬೇಕು.

ಪಿಎಸ್‌ಎ ಏರಿತೆಂದರೆ ನಾಳೆಯೇ ಮೂಳೆಗೆ ಹರಡುತ್ತದೆ ಎಂಬ ಭಯವೂ ನಿಮ್ಮ ಪತ್ರದಲ್ಲಿ ಕಾಣುತ್ತಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಪರೇಷನ್ ಆದ 1,997 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 1999ರಲ್ಲಿ ಒಂದು ವರದಿ ಪ್ರಕಟಿಸಿದರು. ಅವರಲ್ಲಿ ಸುಮಾರು 15 ಶೇಕಡಾ ಮಂದಿಗೆ ಪಿಎಸ್‌ಎ ಮತ್ತೆ ಕಾಣಿಸಿಕೊಂಡಿತು. ಹಾಗೆ ಕಾಣಿಸಿಕೊಂಡ ದಿನದಿಂದ ಸ್ಕ್ಯಾನಿನಲ್ಲಿ ಹರಡುವಿಕೆ ಕಾಣುವವರೆಗೆ ಹಿಡಿದ ಮಧ್ಯಮ ಅವಧಿ ಎಂಟು ವರ್ಷ. ಅದು ನಡುವೆ ಹಾರ್ಮೋನ್ ಚಿಕಿತ್ಸೆ ಕೊಡದೆ ಕಾದಾಗಿನ ಲೆಕ್ಕ. ಎಲ್ಲರಿಗೂ ಎಂಟು ವರ್ಷ ಸಿಗುತ್ತದೆ ಎಂದಲ್ಲ, ವೇಗದ ಕಾಯಿಲೆಯವರಿಗೆ ಬೇಗ ಬಂತು. ಆದರೂ ಒಂದು ಅಂಕಿ ಏರಿದ ವಾರವೇ ತೀರ್ಮಾನ ಮಾಡಬೇಕಾದ ಕಾಯಿಲೆ ಇದಲ್ಲ. ಯೋಚಿಸಲು, ಮರುಪರೀಕ್ಷೆ ಮಾಡಿಸಲು, ಇನ್ನೊಬ್ಬ ತಜ್ಞರನ್ನು ಕೇಳಲು ಸಮಯವಿರುತ್ತದೆ.

ಇನ್ನು ಆ ಬೇರೆ ಲ್ಯಾಬಿನ ಮಾತು. ರಿಪೋರ್ಟಿನ ಹಾಳೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿ. ಅಂಕಿಯ ಕೆಳಗೋ ಹಾಳೆಯ ಬುಡದಲ್ಲೋ ಸಣ್ಣ ಅಕ್ಷರದಲ್ಲಿ ‘ಮೆಥಡ್’ ಎಂದಿದ್ದು, ಸಿಎಲ್‌ಐಎ, ಇಸಿಎಲ್‌ಐಎ ಎಂದೇನೋ ಬರೆದಿರುತ್ತದೆ, ಕೆಲವರು ಯಂತ್ರದ ಹೆಸರನ್ನೂ ಹಾಕುತ್ತಾರೆ. ಕಂಪನಿಯಿಂದ ಕಂಪನಿಗೆ ಯಂತ್ರಗಳ ಅಳತೆಗೋಲು ಬೇರೆ. ಚಾಲ್ತಿಯಲ್ಲಿರುವ ಎರಡು ಅಳತೆಗೋಲುಗಳ ನಡುವೆಯೇ ಸುಮಾರು 20ರಿಂದ 25 ಶೇಕಡಾ ವ್ಯತ್ಯಾಸ ಬರುತ್ತದೆ. ಅದೇ ದಿನದ ಅದೇ ರಕ್ತ ಒಂದು ಕಡೆ 0.8, ಇನ್ನೊಂದು ಕಡೆ 0.65 ತೋರಿಸಿದರೆ ಎರಡು ಲ್ಯಾಬೂ ತಪ್ಪು ಮಾಡಿಲ್ಲ. ಕೆಲವು ಯಂತ್ರಗಳು 0.1ರ ಕೆಳಗೆ ಓದುವುದೇ ಇಲ್ಲ, ‘0.1ಕ್ಕಿಂತ ಕಡಿಮೆ’ ಎಂದು ಬರೆದು ಬಿಡುತ್ತವೆ. ಕೆಲವು 0.01ಕ್ಕಿಂತ ಕೆಳಗೂ ಓದುತ್ತವೆ. ಮೊದಲು ಆ ಲ್ಯಾಬು, ಆಮೇಲೆ ಈ ಲ್ಯಾಬು ಎಂದು ಬದಲಾಯಿಸಿದವರು ‘ಇಲ್ಲದ್ದು ಬಂತು’ ಎಂದು ಹೆದರಿ ಬರುವುದುಂಟು. ಒಂದು ಲ್ಯಾಬು ಹಿಡಿದರೆ ಅದನ್ನೇ ಬಿಡದೆ ಹಿಡಿಯಿರಿ. ಅರಸೀಕೆರೆಯ ಲ್ಯಾಬೇ ಅನುಕೂಲವಾದರೆ ಮುಂದಿನದ್ದೆಲ್ಲ ಅಲ್ಲೇ ಆಗಲಿ, ತೊಂದರೆಯಿಲ್ಲ. ಇನ್ನು ಮುಂದೆ ಹೋಲಿಕೆ 0.8ರಿಂದ ಶುರುವಾಗುತ್ತದೆ, ಅಷ್ಟೇ.

ಅದೇ ಹಾಳೆಯಲ್ಲಿ ಇದಕ್ಕಿಂತ ಅಪಾಯದ ಸಾಲೊಂದಿದೆ. ಅಂಕಿಯ ಬಲಕ್ಕೆ ‘ನಾರ್ಮಲ್: 0ರಿಂದ 4’ ಎಂದು ಅಚ್ಚಾಗಿರುತ್ತದೆ. ಇದು ಪ್ರಾಸ್ಟೇಟಿಗೆ ಯಾವ ಚಿಕಿತ್ಸೆಯೂ ಆಗದವರಿಗೆ ಹಾಕಿದ ಮಿತಿ. ಚಿಕಿತ್ಸೆಯಾದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಹಾಳೆಗೆ ರೋಗಿಯ ಚರಿತ್ರೆ ಗೊತ್ತಿಲ್ಲ, 4ರ ಒಳಗಿದ್ದರೆ ಅದು ಅಂಕಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವುದಿಲ್ಲ. ಗ್ರಂಥಿ ತೆಗೆಸಿಕೊಂಡಿದ್ದ ಒಬ್ಬ ನಿವೃತ್ತ ಮೇಷ್ಟ್ರು ನನ್ನ ಬಳಿ ಬಂದಾಗ ಫೈಲಿನಲ್ಲಿ 0.4, 0.9, 1.8 ಎಂಬ ಮೂರು ರಿಪೋರ್ಟುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು. ಪ್ರತಿಯೊಂದರ ಮುಂದೆಯೂ ನಾರ್ಮಲ್ ಎಂದೇ ಇತ್ತು. ಹಾಗಾಗಿ ಅವರು ನಡುವೆ ಯಾರಿಗೂ ತೋರಿಸಿರಲಿಲ್ಲ. ಮೊದಲ ಹಾಳೆಗೇ ಬಂದಿದ್ದರೆ ರೇಡಿಯೇಷನ್ನಿನಿಂದ ಸಿಗುತ್ತಿದ್ದ ಅವಕಾಶ ಇನ್ನೂ ದೊಡ್ಡದಾಗಿರುತ್ತಿತ್ತು. ಇದನ್ನು ಓದುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಆದವರಿದ್ದರೆ, ಹಳೆಯ ರಿಪೋರ್ಟುಗಳನ್ನು ಇವತ್ತೇ ತೆಗೆದು ನೋಡಿ ಎಂದು ಕೈಮುಗಿದು ಕೇಳುತ್ತೇನೆ.

ಪರೀಕ್ಷೆಗೆ ಹೋಗುವ ಮುನ್ನ ಗಮನಿಸಬೇಕಾದ ಸಣ್ಣಪುಟ್ಟ ಸಂಗತಿಗಳಿವೆ. ಖಾಲಿ ಹೊಟ್ಟೆ ಬೇಕಿಲ್ಲ. ನಿಮ್ಮ ತಂದೆಯವರಿಗೆ ಗ್ರಂಥಿ ಇರುವುದರಿಂದ ಮೂತ್ರದಲ್ಲಿ ಉರಿ, ಸೋಂಕು, ಜ್ವರ, ಮೂತ್ರ ಕಟ್ಟಿಕೊಂಡು ನಳಿಕೆ ಹಾಕಿಸಿದ್ದು, ಇಂಥದ್ದೇನಾದರೂ ಆಗಿದ್ದರೆ ಪಿಎಸ್‌ಎ ಸುಳ್ಳೇ ಏರುತ್ತದೆ. ಅದು ವಾಸಿಯಾಗಿ ಐದಾರು ವಾರ ಕಳೆಯುವವರೆಗೆ ಪರೀಕ್ಷೆ ಬೇಡ. ಎರಡು ದಿನ ಮೊದಲಿನಿಂದ ಲೈಂಗಿಕ ಸಂಪರ್ಕ ಮತ್ತು ದೂರದ ಸೈಕಲ್ ಸವಾರಿ ಬೇಡ. ಮೂತ್ರ ಸಲೀಸಾಗಲೆಂದು ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ನುಂಗುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಗ್ರಂಥಿ ಇರುವವರಲ್ಲಿ ಅವು ಆರು ತಿಂಗಳು, ವರ್ಷದಲ್ಲಿ ಪಿಎಸ್‌ಎಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಇನ್ನೊಂದನ್ನು ಹೆಚ್ಚಿನವರು ಹೇಳುವುದೇ ಇಲ್ಲ: ಕೂದಲು, ಉಗುರಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ. ಹೆಚ್ಚು ಪ್ರಮಾಣದ ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಯಂತ್ರಗಳು ಪಿಎಸ್‌ಎಯನ್ನು ಇರುವುದಕ್ಕಿಂತ ಕಡಿಮೆ ಓದುತ್ತವೆ. ಎರಡು-ಮೂರು ದಿನ ಮುಂಚೆ ನಿಲ್ಲಿಸಿದರೆ ಸಾಕು.

‘ಪಿಎಸ್‌ಎ ನಂಬಲಾಗದ ಟೆಸ್ಟ್’ ಎಂದು ನೆಂಟರು ಯಾರೋ ಅಂದರೆ, ಅವರು ಓದಿರುವುದು ಬೇರೆ ವಾದ. ಕಾಯಿಲೆಯೇ ಇಲ್ಲದ ಗಂಡಸರಿಗೆಲ್ಲ ಈ ಪರೀಕ್ಷೆ ಮಾಡಬೇಕೇ ಎಂಬ ಬಗ್ಗೆ ದಶಕಗಳಿಂದ ಚರ್ಚೆ ನಡೆಯುತ್ತಿದೆ, ಅಮೆರಿಕದ ಸಲಹಾ ಸಮಿತಿ 2012ರಲ್ಲಿ ಬೇಡ ಎಂದು, 2018ರಲ್ಲಿ 55ರಿಂದ 69ರವರು ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಲಿ ಎಂದು ಹೇಳಿತು. ಚಿಕಿತ್ಸೆಯಾದವರನ್ನು ಗಮನಿಸುವ ಕೆಲಸದಲ್ಲಿ ಆ ಗೊಂದಲ ಇಲ್ಲ. ಈ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಕರು 1986ರಲ್ಲಿ ಮೊದಲು ಒಪ್ಪಿಗೆ ಕೊಟ್ಟದ್ದೇ ಇದಕ್ಕಾಗಿ, ಹೊಸದಾಗಿ ಕಾಯಿಲೆ ಹುಡುಕಲು ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಅದಕ್ಕೂ ಮುಂಚೆ ಆಸಿಡ್ ಫಾಸ್ಫಟೇಸ್ ಎಂಬ ರಕ್ತಪರೀಕ್ಷೆಯಿತ್ತು. ವೃಷಣ ತೆಗೆದರೆ ಅದರ ಮಟ್ಟ ಇಳಿಯುತ್ತದೆ, ಕ್ಯಾನ್ಸರೂ ಕುಗ್ಗುತ್ತದೆ ಎಂದು ಷಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿ, 1966ರಲ್ಲಿ ನೊಬೆಲ್ ಪಡೆದರು. ಇವತ್ತಿನ ಹಾರ್ಮೋನ್ ಇಂಜೆಕ್ಷನ್ನುಗಳೆಲ್ಲ ಆ ದಾರಿಯವೇ.

ಮತ್ತೆ ಇಂಜೆಕ್ಷನ್ ಹಾಕಿಸಬೇಕೆ ಎಂದು ಕೇಳಿದ್ದೀರಿ. ಈಗ ಖಂಡಿತ ಬೇಡ. ಹಾಕಿಸಿದರೆ ಪಿಎಸ್‌ಎ 0.05ಕ್ಕೆ ಇಳಿಯುತ್ತದೆ, ಹಾಳೆ ನೋಡಿ ಮನೆಯವರಿಗೆಲ್ಲ ಸಮಾಧಾನವೂ ಆಗುತ್ತದೆ. ಆದರೆ ಆ ಸಮಾಧಾನಕ್ಕೆ ನಿಮ್ಮ ತಂದೆಯವರು ಬೆಲೆ ತೆರಬೇಕಾಗುತ್ತದೆ. ಮೂಳೆ ಸವೆಯುತ್ತದೆ, ಸ್ನಾಯು ಕರಗಿ ಹೊಟ್ಟೆ ಬರುತ್ತದೆ, ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಯ ಸಂಭವ ಹೆಚ್ಚುತ್ತದೆ, ಮನಸ್ಸು ಮಂಕಾಗುತ್ತದೆ. ಕಾಯಿಲೆ ಮರಳಿದೆ ಎಂಬುದೇ ಖಚಿತವಿಲ್ಲದಾಗ ಇದನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಜೊತೆಗೆ, ಗಮನಿಸಲು ನಮಗಿರುವ ಅಂಕಿಯನ್ನೂ ಅದು ಒತ್ತಿಹಿಡಿಯುವುದರಿಂದ ನಿಜ ಸ್ಥಿತಿ ಏನೆಂದು ತಿಳಿಯುವುದು ಇನ್ನೂ ಕಷ್ಟವಾಗುತ್ತದೆ.

ಪೆಟ್ ಸ್ಕ್ಯಾನೂ ಈಗ ಬೇಡ. ಪಿಎಸ್‌ಎಂಎ ಪೆಟ್ ಎಂಬ ಹೊಸ ಸ್ಕ್ಯಾನ್ ನಿಜಕ್ಕೂ ದೊಡ್ಡ ಅನುಕೂಲ, ಹಳೆಯ ಬೋನ್ ಸ್ಕ್ಯಾನಿಗೆ ಕಾಣದ ಸಣ್ಣ ಗಂಟುಗಳನ್ನೂ ಅದು ತೋರಿಸುತ್ತದೆ. ಆದರೆ ಅದಕ್ಕೂ ಪಿಎಸ್‌ಎ ಮಟ್ಟದ ಮಿತಿಯಿದೆ. ಕಾಯಿಲೆ ಮರಳಿದವರಲ್ಲೂ ಪಿಎಸ್‌ಎ 0.2ರ ಕೆಳಗಿದ್ದಾಗ ಸುಮಾರು ಮೂರರಲ್ಲಿ ಒಬ್ಬರಲ್ಲಷ್ಟೇ ಅದು ಏನನ್ನಾದರೂ ತೋರಿಸುತ್ತದೆ, 2 ದಾಟಿದ ಮೇಲೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ. ಪಕ್ಕೆಲುಬಿನಂಥ ಕಡೆ ಕ್ಯಾನ್ಸರ್ ಅಲ್ಲದ ಚುಕ್ಕೆಗಳೂ ಅದರಲ್ಲಿ ಹೊಳೆಯುತ್ತವೆ. ಕಾರಣವಿಲ್ಲದೆ ಮಾಡಿಸಿದರೆ ಅಂಥ ಒಂದು ಚುಕ್ಕೆಯ ಹಿಂದೆ ಬಿದ್ದು ಬಯಾಪ್ಸಿ, ಮತ್ತೊಂದು ಸ್ಕ್ಯಾನ್ ಎಂದು ಅಲೆಯಬೇಕಾಗುತ್ತದೆ. ಪಿಎಸ್‌ಎ ಗೆರೆ ದಾಟಿದ್ದು ಖಚಿತವಾದ ದಿನ ಅದನ್ನು ಮಾಡಿಸಿ. ಆಗ ಕಾಯಿಲೆ ಗ್ರಂಥಿಯೊಳಗೇ ಇದೆಯೋ ಹೊರಗೆ ಹೋಗಿದೆಯೋ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಲ್ಲುತ್ತದೆ.

ತಿಂಗಳಿಗೊಂದು ಪರೀಕ್ಷೆಯಿಂದ ಲಾಭವಿಲ್ಲ. ಅದೇ ಮನುಷ್ಯ, ಅದೇ ಲ್ಯಾಬು ಎಂದರೂ ಪಿಎಸ್‌ಎ ಸಲದಿಂದ ಸಲಕ್ಕೆ ಹತ್ತು-ಹದಿನೈದು ಶೇಕಡಾ ಆಚೀಚೆ ಆಗುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಆ ಸಹಜ ಓಲಾಟವನ್ನೇ ಕಾಯಿಲೆಯ ಏರಿಕೆ ಎಂದು ಓದುತ್ತೀರಿ. ಆರು ತಿಂಗಳು ಎಂದಿರುವುದು ತಪ್ಪಲ್ಲ. ಅಷ್ಟು ಕಾಯಲು ಮನಸ್ಸು ತಡೆಯದಿದ್ದರೆ ಮೂರು ತಿಂಗಳಿಗೆ ಒಂದು ಪಿಎಸ್‌ಎ, ಒಂದು ಟೆಸ್ಟೋಸ್ಟೆರಾನ್ ಮಾಡಿಸಿ ಎಂದು ಡಾಕ್ಟರನ್ನೇ ಕೇಳಿ, ಬೇಡ ಎನ್ನಲಾರರು.

ಕಾಯಿಲೆ ಆಗಲೇ ಮೂಳೆಗೆ ಹರಡಿ, ಹಾರ್ಮೋನ್ ಚಿಕಿತ್ಸೆಯ ಮೇಲೇ ಇರುವವರ ಮನೆಯವರೂ ಇದನ್ನು ಓದುತ್ತಿರಬಹುದು. ಅವರ ಲೆಕ್ಕ ಮೂರನೆಯ ಬಗೆಯದ್ದು. ಅಲ್ಲಿ ಮೊದಲ ಏಳು ತಿಂಗಳಲ್ಲಿ ಪಿಎಸ್‌ಎ ಎಲ್ಲಿಗೆ ಇಳಿಯಿತು ಎಂಬುದು ಬಹಳ ಹೇಳುತ್ತದೆ. ಹೊಸ ಮಾತ್ರೆಗಳು ಇನ್ನೂ ಬಂದಿರದ ಕಾಲದ, 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 0.2 ಅಥವಾ ಅದಕ್ಕಿಂತ ಕೆಳಗೆ ಇಳಿದವರು ಅಲ್ಲಿಂದ ಮುಂದೆ ಬದುಕಿದ ಮಧ್ಯಮ ಅವಧಿ 75 ತಿಂಗಳು, 0.2ರಿಂದ 4ರ ನಡುವೆ ನಿಂತವರದ್ದು 44, 4ರ ಮೇಲೇ ಉಳಿದವರದ್ದು 13 ತಿಂಗಳು. ಇವತ್ತು ಅಬಿರಟೆರಾನ್, ಎನ್ಜಲುಟಮೈಡ್‌ನಂಥ ಮಾತ್ರೆಗಳಿವೆ, ಆ ತಿಂಗಳುಗಳು ಉದ್ದವಾಗಿವೆ. ಆದರೂ ಚೆನ್ನಾಗಿ ಇಳಿಯದವರ ಮೇಲೆ ಹೆಚ್ಚು ಗಮನ ಬೇಕು ಎಂಬುದು ಬದಲಾಗಿಲ್ಲ. ಇವರಲ್ಲಿ ಪಿಎಸ್‌ಎ ಏರಿದರೆ ‘ಔಷಧಿ ನಾಟುತ್ತಿಲ್ಲ’ ಎನ್ನುವ ಮೊದಲು ಟೆಸ್ಟೋಸ್ಟೆರಾನ್ ನೋಡಲೇಬೇಕು. ಅದು 50 ನ್ಯಾನೊಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆ ಇದ್ದೂ ಪಿಎಸ್‌ಎ ಏರುತ್ತಿದ್ದರೆ ಮಾತ್ರ ಕಾಯಿಲೆ ಮದ್ದಿಗೆ ಬಗ್ಗದ ಹಂತಕ್ಕೆ ಹೋಗಿದೆ ಎನ್ನಬಹುದು. 200, 300 ಇದ್ದರೆ ತೊಂದರೆ ಇಂಜೆಕ್ಷನ್ನಿನದ್ದು. ಬಸ್ಸು, ದುಡ್ಡು, ಬಿತ್ತನೆ, ಮನೆಯಲ್ಲಿ ಮದುವೆ ಎಂದು ಮೂರು ತಿಂಗಳ ಇಂಜೆಕ್ಷನ್ ಐದು ತಿಂಗಳಿಗೆ ಹೋದ ಎಷ್ಟೋ ಮನೆಗಳನ್ನು ನೋಡಿದ್ದೇನೆ. ಅಂಥವರಿಗೆ ದುಬಾರಿ ಹೊಸ ಔಷಧಿ ಬೇಕಿಲ್ಲ, ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬಿದ್ದರೆ ಸಾಕು. ಪ್ರತಿ ಸಲ ಓಡಾಡುವುದು ಆಗದವರಿಗೆ ವೃಷಣ ತೆಗೆಯುವ ಸಣ್ಣ ಆಪರೇಷನ್ ಇವತ್ತಿಗೂ ಅಷ್ಟೇ ಪರಿಣಾಮಕಾರಿ, ಒಂದೇ ಸಲದ ಖರ್ಚು. ಅದನ್ನು ಹೇಳಲು ವೈದ್ಯರೂ ಕೇಳಲು ಮನೆಯವರೂ ಸಂಕೋಚಪಡಬೇಕಿಲ್ಲ. ಕೀಮೋ ಶುರುವಾದ ಮೊದಲ ಕೆಲವು ವಾರಗಳಲ್ಲಿ ಪಿಎಸ್‌ಎ ಏರಿ ಆಮೇಲೆ ಇಳಿಯುವುದೂ ಉಂಟು. ಆದ್ದರಿಂದ ಹೊಸ ಚಿಕಿತ್ಸೆಯನ್ನು ಹನ್ನೆರಡು ವಾರದೊಳಗೆ ಬರೀ ಪಿಎಸ್‌ಎ ನೋಡಿ ನಿಲ್ಲಿಸಬಾರದು.

ಪಿಎಸ್‌ಎ ಕಾಣದ್ದೂ ಇದೆ. ಕೆಲವರಲ್ಲಿ, ಹೆಚ್ಚಾಗಿ ಬಹುಕಾಲ ಹಾರ್ಮೋನ್ ಚಿಕಿತ್ಸೆ ಪಡೆದವರಲ್ಲಿ, ಕ್ಯಾನ್ಸರ್ ಕೋಶಗಳು ಸ್ವಭಾವ ಬದಲಿಸಿ ಪಿಎಸ್‌ಎ ಮಾಡುವುದನ್ನೇ ಬಿಡುತ್ತವೆ. ರಿಪೋರ್ಟಿನಲ್ಲಿ 0.5 ಇದ್ದು ಮೂಳೆಯಲ್ಲೋ ಯಕೃತ್ತಿನಲ್ಲೋ ಕಾಯಿಲೆ ಬೆಳೆಯುತ್ತಿರಬಹುದು. ಹಾಗಾಗಿ ನೋವನ್ನು ಅಂಕಿಗೆ ಹೋಲಿಸಿ ಕಡೆಗಣಿಸಬಾರದು.

ನಿಮ್ಮ ತಂದೆಯವರ ನಿದ್ದೆಯ ಬಗ್ಗೆ ಒಂದು ವ್ಯವಸ್ಥೆ ಮಾಡಿಕೊಳ್ಳಿ. ಡಾಕ್ಟರನ್ನು ಕಾಣುವ ದಿನ ಮೊದಲು ಗೊತ್ತು ಮಾಡಿಕೊಂಡು, ಅದಕ್ಕೆ ಎರಡು ದಿನ ಮುಂಚೆ ಮಾತ್ರ ರಕ್ತ ಕೊಡಿಸಿ. ರಿಪೋರ್ಟ್ ನಿಮ್ಮ ಮೊಬೈಲಿಗೆ ಬರಲಿ, ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಪ್ಪನಿಗೆ ಅಂಕಿ ಮತ್ತು ಅದರ ಅರ್ಥ ಎರಡೂ ಡಾಕ್ಟರ ಬಾಯಿಂದ ಒಟ್ಟಿಗೇ ತಿಳಿಯಲಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಲ್ಯಾಬು, ಪಿಎಸ್‌ಎ, ಟೆಸ್ಟೋಸ್ಟೆರಾನ್, ಆ ತಿಂಗಳು ಜ್ವರ ಅಥವಾ ಮೂತ್ರದ ಸೋಂಕು ಇತ್ತೇ ಎಂದು ಒಂದೊಂದೇ ಸಾಲು ಬರೆದಿಡಿ. ಆ ಪುಟವೊಂದನ್ನು ತೆರೆದು ಮುಂದಿಟ್ಟರೆ ದಪ್ಪ ಫೈಲು ತಿರುವುವ ಕೆಲಸ ಡಾಕ್ಟರಿಗೂ ತಪ್ಪುತ್ತದೆ. ನಡುವೆ ಎಂದಾದರೂ ರಾತ್ರಿ ಮಲಗಿದರೂ ಬಿಡದ ಹೊಸ ಬೆನ್ನುನೋವು ಬಂದರೆ ಆ ವಾರವೇ ತೋರಿಸಿ. ಕಾಲಲ್ಲಿ ಬಲ ಕಡಿಮೆಯಾದರೆ, ಮರಗಟ್ಟಿದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಆಗ ಪಿಎಸ್‌ಎ ಎಷ್ಟಿದೆ ಎಂದು ನೋಡುತ್ತ ಕೂರದೆ, ಮುಂದಿನ ತಾರೀಖಿಗೂ ಕಾಯದೆ, ಅದೇ ದಿನ ಎಂಆರ್‌ಐ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.